ನೆಂಟಸ್ತಿಕೆ ಹುಡುಕೋಕೆ ಹೋಗಿ ಲೇಖನ ಕಳೆದುಕೊಂಡಿದ್ದೀರಿ

ನಮಸ್ಕಾರ,

‘ಇಲೊಕಾನೊ ಮತ್ತು ಬರ್ಮೀಸ್: ಒಂದೇ ಬೇರಿನ ಎರಡು ಮರ’ ಅಂತ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಆದರೆ ನಿಮಗೆ ಬರೆಯಲು ಬರುತ್ತದೆ, ವಿಷಯದ ಹುಚ್ಚೂ ಇದೆ. ಅದಕ್ಕೇ ‘ಪ್ರಕಟಣೆಗೆ ಪರಿಗಣಿಸಲಾಗಿಲ್ಲ’ ಅಂತ ಒಂದು ಸಾಲು ಕಳಿಸಿ ಸುಮ್ಮನಾಗದೆ ಇಷ್ಟುದ್ದ ಬರೆಯುತ್ತಿದ್ದೇನೆ. ಸ್ವಲ್ಪ ಖಾರವಾಗಿಯೇ ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಫಿಲಿಪೀನ್ಸ್‌ನ ಉತ್ತರ ಲುಜಾನ್ ಕಡೆಯ ಇಲೊಕಾನೊ, ಮ್ಯಾನ್ಮಾರ್‌ನ ಬರ್ಮೀಸ್, ಎರಡೂ ಒಂದು ಕಾಲಕ್ಕೆ ಒಂದೇ ಭಾಷೆಯಾಗಿದ್ದವು ಎನ್ನುವುದು ನಿಮ್ಮ ವಾದ. ಆಧಾರ ಏನು? ಒಂದೇ ತರ ಕೇಳಿಸುವ ಪದಗಳ ಪಟ್ಟಿ. ಯಾವ ಎರಡು ಭಾಷೆ ಹಿಡಿದುಕೊಂಡು ಕೂತರೂ ಇಂಥ ಪಟ್ಟಿ ಒಂದೇ ಸಂಜೆಗೆ ರೆಡಿಯಾಗುತ್ತದೆ. ಇಲೊಕಾನೊ ಆಸ್ಟ್ರೋನೇಷ್ಯನ್ ಬಳಗದ್ದು, ಬರ್ಮೀಸ್ ಸಿನೊ-ಟಿಬೆಟನ್ ಬಳಗದ್ದು. ಇದು ನಿಮಗೆ ಗೊತ್ತಿಲ್ಲದ್ದೇನೂ ಅಲ್ಲ. ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಆಮೇಲೆ ‘ಆದರೂ’ ಅಂತ ಒಂದು ಪದ ಹಾಕಿ ದಾಟಿಬಿಟ್ಟಿದ್ದೀರಿ. ಅಷ್ಟು ದೊಡ್ಡ ಹಳ್ಳವನ್ನು ಒಂದು ‘ಆದರೂ’ ದಾಟಿಸುವುದಿಲ್ಲ.

ನಿಮ್ಮ ಪಟ್ಟಿಯ ಮೊದಲ ಪದವನ್ನೇ ತೆಗೆದುಕೊಳ್ಳೋಣ: ‘ಙ’. ನಮ್ಮ ಅಕ್ಷರಮಾಲೆಯಲ್ಲಿ ಇದಕ್ಕೆ ಜಾಗ ಇದೆ, ಆದರೆ ಇದರಿಂದ ಶುರುವಾಗುವ ಒಂದು ಕನ್ನಡ ಪದವೂ ಇಲ್ಲ. ಆ ಎರಡು ಭಾಷೆಗಳಲ್ಲಿ ‘ಙ’ ಸ್ವತಂತ್ರ ಪದವಾಗಿಯೇ ನಿಲ್ಲುತ್ತದೆ, ಹಾಗಾಗಿ ಎರಡೂ ನೆಂಟರು ಅಂತೀರಿ. ಇಲೊಕಾನೊದಲ್ಲಿ ಅದು ಎರಡು ಪದಗಳನ್ನು ಅಂಟಿಸುವ ಕೊಂಡಿ ಮಾತ್ರ. ‘ನಲಾಯಿಂಗ್ ಙ ಉಬಿಂಗ್’ ಅಂದರೆ ಜಾಣ ಮಗು. ತನ್ನದೇ ಅರ್ಥ ಅಂತ ಅದಕ್ಕೆ ಏನೂ ಇಲ್ಲ. ಬರ್ಮೀಸ್‌ನಲ್ಲಿ ‘ಙಾ’ ಅಂದರೆ ನಾನು; ದನಿ ಏರಿಸಿ ಹೇಳಿದರೆ ಐದು, ಹಾಗೆ ಹೇಳಿದರೆ ಮೀನು ಕೂಡ. ಈಗ ಬರ್ಮೀಸ್ ಬಳಗದ್ದೇ ಆದ ಟಿಬೆಟನ್ ನೋಡಿ. ನಾನು ಅನ್ನುವುದಕ್ಕೆ ‘ಙ’, ಐದಕ್ಕೂ ‘ಙ’, ಬರೆಯುವಾಗ ಮಾತ್ರ ಐದರ ತಲೆ ಮೇಲೆ ಒಂದು ಲಕಾರ. ಬೈಲಕುಪ್ಪೆಗೋ ಮುಂಡಗೋಡಿಗೋ ಹೋದರೆ ಯಾರನ್ನಾದರೂ ಒಂದರಿಂದ ಐದು ಎಣಿಸಲು ಕೇಳಿ, ಕಿವಿಯಾರೆ ಕೇಳಬಹುದು. ನೆಂಟಸ್ತಿಕೆ ಅಂದರೆ ಇದು: ಸರ್ವನಾಮ, ಅಂಕಿಯಂಥ ದಿನಬಳಕೆಯ ಪದಗಳಲ್ಲಿ ದನಿಯೂ ಅರ್ಥವೂ ಒಟ್ಟೊಟ್ಟಿಗೆ ಹೊಂದಬೇಕು, ಅದೂ ಒಂದೆರಡು ಕಡೆಯಲ್ಲ, ಸಾಲುಸಾಲಾಗಿ. ಇಲೊಕಾನೊದಲ್ಲಿ ಐದು ಅಂದರೆ ‘ಲಿಮಾ’. ಮಲಯದಲ್ಲಿ ‘ಲಿಮಾ’, ಹವಾಯಿಯಲ್ಲಿ ‘ಎಲಿಮಾ’, ಅತ್ತ ಆಫ್ರಿಕಾ ಪಕ್ಕದ ಮಡಗಾಸ್ಕರ್‌ನಲ್ಲಿ ‘ದಿಮಿ’. ಅದರ ನೆಂಟರೆಲ್ಲ ಸಮುದ್ರದ ಕಡೆ ಇದ್ದಾರೆ, ನೀವು ಮ್ಯಾನ್ಮಾರ್‌ನ ಐರಾವತಿ ನದಿ ದಂಡೆಯಲ್ಲಿ ಹುಡುಕುತ್ತಿದ್ದೀರಿ.

‘ಮ’ ಕಥೆಯೂ ಇದೇ. ಎರಡರಲ್ಲೂ ಕ್ರಿಯಾಪದದ ಮುಂದೆ ‘ಮ’ ಬರುತ್ತದೆ ಅಂತ ಖುಷಿಪಟ್ಟಿದ್ದೀರಿ. ಇಲೊಕಾನೊದ ‘ಮಪನ್’ ಅಂದರೆ ಹೋಗುವುದು. ಬರ್ಮೀಸ್‌ನ ‘ಮ ಥ್ವಾ ಬು’ ಅಂದರೆ ಹೋಗುವುದಿಲ್ಲ! ಒಂದು ಹೋಗು ಅನ್ನುತ್ತದೆ, ಇನ್ನೊಂದು ಬೇಡ ಅನ್ನುತ್ತದೆ. ಆ ಪಟ್ಟಿಯನ್ನು ಪೂರ್ತಿ ತೆಗೆದುಬಿಡಿ, ದಯವಿಟ್ಟು.

ಆದರೆ ಅದೇ ಸಾಲಿನ ಪಕ್ಕದಲ್ಲಿ ಒಳ್ಳೆ ಸರಕು ಬಿದ್ದಿದೆ, ನೀವು ನೋಡಿಲ್ಲ. ಬರ್ಮೀಸ್‌ನಲ್ಲಿ ಇಲ್ಲ ಅನ್ನಬೇಕಾದರೆ ಕ್ರಿಯಾಪದದ ಹಿಂದೊಂದು ಮುಂದೊಂದು ತುಣುಕು ಕಾವಲು ನಿಲ್ಲುತ್ತದೆ, ‘ಥ್ವಾ’ ಮಾತ್ರ ಮಿಸುಕಾಡುವುದಿಲ್ಲ. ಇಲೊಕಾನೊದಲ್ಲಿ ‘ಮಪನಕ್’ ಅಂದರೆ ನಾನು ಹೋಗುತ್ತೇನೆ. ಕೊನೆಯ ‘ಅಕ್’ ಅಂದರೆ ನಾನು. ಹೋಗುವುದಿಲ್ಲ ಅನ್ನಬೇಕಾದರೆ ‘ಸಆನಕ್ ಅ ಮಪನ್’. ಇಲ್ಲ ಅನ್ನುವ ‘ಸಆನ್’ ಮುಂದೆ ಬಂದ ತಕ್ಷಣ ‘ಅಕ್’ ಕ್ರಿಯಾಪದವನ್ನು ಬಿಟ್ಟು ಅದಕ್ಕೆ ಹೋಗಿ ಅಂಟಿಕೊಂಡಿತು. ಇನ್ನು ಕ್ರಿಯಾಪದದ ಒಳಗೇ ಕೈಹಾಕುವುದು ಇಲೊಕಾನೊಗೆ ದಿನನಿತ್ಯದ ಕೆಲಸ. ‘ಗಾತಂಗ್’ ಕೊಳ್ಳು ಅನ್ನುವ ಧಾತು. ಅದನ್ನು ಸೀಳಿ ನಡುವೆ ತುಣುಕು ತೂರಿಸಿ ‘ಗಿಮ್ಮಾತಂಗ್’ ಅಂದರೆ ಯಾರೋ ಏನೋ ಒಂದು ಕೊಂಡರು, ‘ಗಿನಾತಂಗ್’ ಅಂದರೆ ಇಂಥದ್ದನ್ನೇ ಕೊಂಡರು. ಬರ್ಮೀಸ್ ಹಾಗಲ್ಲ, ಹೇಳುವುದನ್ನು ಬಹುಪಾಲು ಬಾಲಕ್ಕೆ ಪೋಣಿಸುತ್ತದೆ. ‘ಕ್ಯನೊ ಥಮಿನ್ ಸಾ ದೆ’: ನಾನು, ಅನ್ನ, ತಿನ್ನು, ಕೊನೆಗೊಂದು ಪ್ರತ್ಯಯ. ಕನ್ನಡದವರಿಗೆ ಈ ಜೋಡಣೆ ಕಲಿಯೋದೇ ಬೇಕಿಲ್ಲ, ಅಲ್ವಾ? ಆದರೆ ಮಾತನಾಡುವವರು ಹೆಂಗಸಾದರೆ ಅದೇ ‘ನಾನು’ ‘ಕ್ಯಮ’ ಆಗುತ್ತದೆ, ಅಲ್ಲಿ ಎಡವುತ್ತಾರೆ. ಇಂಥದ್ದು ನಾಲ್ಕು ವಾಕ್ಯ ಕೊಡಿ ಸಾಕು. ಎಷ್ಟು ಕೋಟಿ ಜನ ಆಡುತ್ತಾರೆ, ಯಾವ ಪ್ರಾಂತ್ಯ, ಎಷ್ಟು ಉಪಭಾಷೆ ಅನ್ನುವ ನಿಮ್ಮ ಮೂರು ಪುಟ ಯಾರೂ ಓದುವುದಿಲ್ಲ.

ಈಗ ನನಗೆ ಜಾಸ್ತಿ ಹೊಟ್ಟೆ ಉರಿದ ಜಾಗ. ಕೊನೆಯ ಪುಟದಲ್ಲಿ ‘ಎರಡಕ್ಕೂ ಬ್ರಾಹ್ಮಿ ಮೂಲದ ಲಿಪಿ ಇತ್ತು’ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಲ್ಲ, ನಿಮ್ಮ ಲೇಖನ ಇದ್ದದ್ದು ಅಲ್ಲಿ ಮಾರಾಯ್ರೇ! ಭಾಷೆಗಳು ನೆಂಟರಲ್ಲ, ಲಿಪಿಗಳು ದೂರದ ನೆಂಟರು. ಬ್ರಾಹ್ಮಿಯಿಂದ ಬಂದ ಲಿಪಿಗಳಲ್ಲಿ ವ್ಯಂಜನದ ಹೊಟ್ಟೆಯೊಳಗೆ ಒಂದು ‘ಅ’ ಕೂತಿರುತ್ತದೆ. ಅದನ್ನು ತೆಗೆಯೋಕೆ ನಾವು ‘ಕ್’ ಅಂತ ಬರೆಯುತ್ತೇವೆ. ಬರ್ಮೀಸರು ಅಕ್ಷರದ ತಲೆ ಮೇಲೆ ಸಣ್ಣ ಕೊಕ್ಕೆ ಹಾಕುತ್ತಾರೆ. ಅದರ ಹೆಸರು ‘ಅಥತ್’, ಕೊಲ್ಲು ಅನ್ನುವ ಕ್ರಿಯಾಪದದಿಂದ ಬಂದದ್ದು. ಇಲೊಕಾನೊ ಜನ ಬಳಸುತ್ತಿದ್ದ ಹಳೇ ಲಿಪಿಯಲ್ಲಿ ಇಂಥ ಗುರುತೇ ಇರಲಿಲ್ಲ. ಕೊನೆಯ ವ್ಯಂಜನ ಬರೆಯದೆ ಬಿಡುತ್ತಿದ್ದರು. ‘ಉಬಿಂಗ್’ ಬರೆಯಬೇಕಾದರೆ ‘ಉಬಿ’, ಉಳಿದದ್ದನ್ನು ಓದುವವರು ಊಹಿಸಿಕೊಳ್ಳಬೇಕು. 1621ರಲ್ಲಿ ಇಲೊಕಾನೊ ಭಾಷೆಯಲ್ಲಿ ಕ್ರೈಸ್ತ ಧರ್ಮಬೋಧೆಯ ಪುಸ್ತಕ ಅಚ್ಚಾದಾಗ, ಅದನ್ನು ಸಿದ್ಧಪಡಿಸಿದ ಸ್ಪೇನಿನ ಪಾದ್ರಿ ಫ್ರಾನ್ಸಿಸ್ಕೊ ಲೋಪೆಸ್ ಅವರಿಗೆ ಈ ಊಹೆಯ ಆಟ ಸರಿಬರಲಿಲ್ಲ. ಅಕ್ಷರದ ಕೆಳಗೆ ಒಂದು ಪುಟ್ಟ ಶಿಲುಬೆ ಹಾಕಿ ‘ಅ’ ತೆಗೆದರು. ನಮ್ಮ ಅರ್ಧಾಕ್ಷರದ ಕೆಲಸವನ್ನೇ, ಬ್ರಾಹ್ಮಿಯ ಹಿನ್ನೆಲೆ ಏನೂ ಇಲ್ಲದ ಒಬ್ಬ ಪಾದ್ರಿ ಹೊಸದಾಗಿ ಮಾಡಿದ್ದು. ಊರಿನವರು ಮಾತ್ರ ಅದನ್ನು ಕೈಗೆತ್ತಿಕೊಳ್ಳಲಿಲ್ಲ, ಆಮೇಲೆ ರೋಮನ್ ಅಕ್ಷರ ಬಂದು ಹಳೇ ಲಿಪಿಯೇ ಮೂಲೆಗೆ ಸೇರಿತು. ಇದನ್ನು ಓದಿದ ಕನ್ನಡಿಗರು ತಾವು ದಿನಾ ಬರೆಯುವ ‘ಕ್’ ಅನ್ನು ಇನ್ನೊಂದು ಸಲ ನೋಡದೆ ಇರುತ್ತಾರಾ?

ಬರೆಯುವಾಗ ಒಂದು ತಿದ್ದಿಕೊಳ್ಳಿ. ‘ಬರ್ಮೀಸ್ ಲಿಪಿ ಪಾಳಿಯಿಂದ ಬಂತು’ ಅಂದಿದ್ದೀರಿ. ಪಾಳಿ ಭಾಷೆ, ಅದಕ್ಕೆ ತನ್ನದೇ ಅಂತ ಲಿಪಿ ಇಲ್ಲ. ಮ್ಯಾನ್ಮಾರ್‌ನ ಬಗಾನ್ ಹತ್ತಿರದ ಮ್ಯಾಝೇದಿ ಶಾಸನವನ್ನು ಉದಾಹರಣೆಗೆ ಕೊಡಿ. 1113ರ ಸುಮಾರಿನದು, ಒಂದೇ ಕಂಬದ ನಾಲ್ಕು ಮುಖದಲ್ಲಿ ಒಂದೇ ವಿಷಯ ಪ್ಯೂ, ಮೊನ್, ಪಾಳಿ, ಬರ್ಮೀಸ್ ಭಾಷೆಗಳಲ್ಲಿ ಇದೆ. ಭಾಷೆ ಬೇರೆ ಲಿಪಿ ಬೇರೆ ಅನ್ನುವುದನ್ನು ಅದೊಂದು ಕಲ್ಲು ತೋರಿಸಿಕೊಡುತ್ತದೆ.

ಇನ್ನೊಂದು ಸಣ್ಣದು, ಆದರೆ ಓದುಗರು ಬೈಯುವುದು ಇಂಥದ್ದಕ್ಕೇ. ‘ಥ್ವಾ’ದಲ್ಲಿರುವ ಥ ಇಂಗ್ಲಿಷಿನ ‘ಥಿನ್’ನಲ್ಲಿ ಬರುವ ದನಿ, ‘ಥಮಿನ್’ನಲ್ಲಿರುವುದು ಉಸಿರು ಬಿಟ್ಟು ಹೇಳುವ ತ. ಬರ್ಮೀಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಅಕ್ಷರ ಇದೆ. ನಿಮ್ಮ ಉದಾಹರಣೆಗಳನ್ನು ಇಲ್ಲಿ ನೀವು ಬರೆದ ಹಾಗೇ ಬಳಸಿದ್ದೇನೆ, ಆದರೆ ಹೊಸ ಪ್ರತಿಯ ಶುರುವಿನಲ್ಲಿ ಎರಡು ಸಾಲು ಉಚ್ಚಾರಣೆಯ ಬಗ್ಗೆ ಬರೆಯಿರಿ. ಒಂದೂವರೆ ಸಾವಿರ ಪದ ದಾಟಬೇಡಿ. ಶೀರ್ಷಿಕೆ ಬದಲಾಯಿಸಿ, ಆ ಎರಡು ಮರ ಬೇಡ. ದೀಪಾವಳಿ ಒಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ.