ಕುರ್ಚಿ ಮೇಲಿನ ಬಟ್ಟೆ ರಾಶಿ ಮತ್ತು ಮಗಳ ಪ್ರಶ್ನೆ

ನಮಸ್ಕಾರ.

ನಿಮ್ಮ ಪತ್ರ ಕೈಸೇರಿತು. ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ತಿಳಿಯಲಿ ಅಂತ ಪತ್ರದಲ್ಲಿ ಏನಿತ್ತು ಎಂಬುದನ್ನಷ್ಟೇ ಚಿಕ್ಕದಾಗಿ ಹೇಳಿಬಿಡುತ್ತೇನೆ.

ನಿಮಗೆ ಏಳು ವರ್ಷದ ಮಗಳು, ಮೂರು ವರ್ಷದ ಮಗ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ. ಮಲಗುವ ಕೋಣೆಯಲ್ಲಿ ಒಂದು ಕುರ್ಚಿ ಇದೆ. ಅದರ ಮೇಲೆ ಯಾರೂ ಕೂತು ವರ್ಷವಾಯಿತು, ಏಕೆಂದರೆ ಒಗೆದ ಬಟ್ಟೆಯ ರಾಶಿ ಅಲ್ಲೇ ಇರುತ್ತದೆ. ಭಾನುವಾರ ಪೂರ್ತಿ ಮನೆ ತಿಕ್ಕಿ ಒರೆಸಿದರೂ ಬುಧವಾರದ ಹೊತ್ತಿಗೆ ಮತ್ತೆ ಮೊದಲಿನ ಹಾಗೇ. ಕಳೆದ ತಿಂಗಳು ಪರಿಚಯದವರು ಬಾಗಿಲು ತಟ್ಟಿದಾಗ ನೀವು ಅರ್ಧ ಬಾಗಿಲು ತೆಗೆದು, ಹೊಸ್ತಿಲಲ್ಲೇ ನಿಂತು ಮಾತಾಡಿ ಕಳಿಸಿಬಿಟ್ಟಿರಿ. ಅವರು ಹೋದ ಮೇಲೆ ಮಗಳು ಕೇಳಿದಳು, "ಅಮ್ಮಾ, ನನ್ನ ಫ್ರೆಂಡ್ಸ್ ಯಾಕೆ ನಮ್ಮನೆಗೆ ಬರಬಾರದು?" ಪತ್ರದ ಕೊನೆಯಲ್ಲಿ ನೀವು ಕೇಳಿದ್ದೀರಿ: "ಎಲ್ಲರ ಕೈಲೂ ಆಗುವುದು ನನ್ನ ಕೈಲಿ ಯಾಕೆ ಆಗುತ್ತಿಲ್ಲ? ನಾನು ಸೋಮಾರಿಯಾ?"

ಅಲ್ಲ. ವಾರವಿಡೀ ದುಡಿದು, ಸಿಕ್ಕ ಒಂದೇ ರಜೆಯಲ್ಲೂ ಮನೆ ತಿಕ್ಕಿದವರನ್ನು ಯಾರೂ ಸೋಮಾರಿ ಅನ್ನುವುದಿಲ್ಲ. ನೀವೂ ಅಂದುಕೊಳ್ಳಬೇಡಿ.

ಆದರೆ ಭಾನುವಾರದ ಶ್ರಮ ಬುಧವಾರದವರೆಗೂ ನಿಲ್ಲುವುದಿಲ್ಲ ಎಂದು ಬರೆದಿದ್ದೀರಲ್ಲ, ಅದರ ಬಗ್ಗೆ ಮಾತಾಡಬೇಕು. ಮಕ್ಕಳಿರುವ ಮನೆ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಕೆಡುತ್ತಲೇ ಇರುತ್ತದೆ. ಕೆಡದೆ ಇರಬೇಕಾದರೆ ಮಕ್ಕಳು ಸುಮ್ನೆ ಕೂತಿರಬೇಕು. ಹಾಗಾಗಿ ಮನೆ ಈಗ ಚೊಕ್ಕವಾಗಿದೆಯಾ ಎಂದು ಗಳಿಗೆಗೊಮ್ಮೆ ನೋಡಿದರೆ ದಿನದಲ್ಲಿ ಇಪ್ಪತ್ತು ಸಲ ಸೋತ ಹಾಗೆ ಆಗುತ್ತದೆ. ನಾನು ನೋಡುವುದು ಬೇರೆ. ಕೆಟ್ಟ ಮನೆ ಎಷ್ಟು ಹೊತ್ತಿನಲ್ಲಿ ಮತ್ತೆ ಸರಿಹೋಗುತ್ತದೆ? ನಾಲ್ಕು ಜನ ಕೈಹಾಕಿದರೆ ಇಪ್ಪತ್ತು ನಿಮಿಷ ಸಾಕು ಅನ್ನುವಂತಿದ್ದರೆ ಆ ಮನೆ ಅಚ್ಚುಕಟ್ಟಾಗಿದೆ. ಸಂಜೆ ಏಳಕ್ಕೆ ಅದು ಹೇಗೇ ಕಾಣಲಿ.

ನಿಮಗೆ ಆಗುತ್ತಿರುವ ಸಂಕಟ ಬರೀ ಮನಸ್ಸಿನದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಗಂಡ ಹೆಂಡತಿ ಇಬ್ಬರೂ ದುಡಿಯುವ, ಮಕ್ಕಳಿರುವ ಮನೆಗಳನ್ನೇ ಅದಕ್ಕೆ ಆರಿಸಿದ್ದರು. ಒಬ್ಬೊಬ್ಬರ ಕೈಗೂ ಕ್ಯಾಮೆರಾ ಕೊಟ್ಟು, ನಿಮ್ಮ ಮನೆಯನ್ನು ನೀವೇ ತೋರಿಸುತ್ತಾ ಮಾತಾಡಿ ಎಂದರು. "ಇಲ್ಲೆಲ್ಲ ರಾಶಿ ಬಿದ್ದಿದೆ", "ಇದು ಇನ್ನೂ ಮುಗಿದಿಲ್ಲ" ಎಂಬಂಥ ಮಾತು ಜಾಸ್ತಿ ಆಡಿದ ಹೆಂಗಸರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಸಂಜೆಯ ಹೊತ್ತಿಗೆ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಗಂಡಂದಿರಲ್ಲಿ ಹೀಗೆ ಕಾಣಲಿಲ್ಲ. ಮನೆ ಅದೇ, ಸೋಫಾ ಅದೇ, ಅದರ ಮೇಲಿನ ರಾಶಿಯೂ ಅದೇ. ನನಗೆ ತೋಚುವುದು ಇಷ್ಟು: ಒಬ್ಬರ ಕಣ್ಣಿಗೆ ಅದು ಬಟ್ಟೆ, ಇನ್ನೊಬ್ಬರ ಕಣ್ಣಿಗೆ ಬಾಕಿ ಉಳಿದ ಕೆಲಸ. ಈ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಜಾಗದ ವಿಷಯ. ನನ್ನ ಮಗ ಎರಡನೇ ತರಗತಿಯಲ್ಲಿದ್ದಾಗ ದಿನಾ ಸಂಜೆ ಒಂದೇ ರಗಳೆ. ಅವನ ಬ್ಯಾಗು ಸೋಫಾದ ಕಾಲಿಗೆ ಒರಗಿರುತ್ತಿತ್ತು. ನೀರಿನ ಬಾಟಲಿ ಟೀವಿ ಪಕ್ಕ, ಒಂದು ಸಾಕ್ಸ್ ಬಾಗಿಲ ಹತ್ತಿರ, ಇನ್ನೊಂದು ಮಂಚದ ಕೆಳಗೆ. ಊಟದ ಡಬ್ಬಿ ಬ್ಯಾಗಿನೊಳಗೇ ಇದ್ದು, ಮರುದಿನ ಬೆಳಗ್ಗೆ ವಾಸನೆ ಹೊಡೆಯುತ್ತಿತ್ತು. ನಾನು ಕೂಗುವುದು, ಅವನು ಮೂತಿ ಉಬ್ಬಿಸುವುದು. ಒಂದು ದಿನ ಏನೂ ಅನ್ನದೆ ಅವನು ಒಳಗೆ ಬರುವುದನ್ನೇ ನೋಡುತ್ತಾ ಕೂತೆ. ಬಂದ, ಶೂ ಕಳಚಿದ, ಭುಜದಿಂದ ಬ್ಯಾಗು ಜಾರಿಸಿದ. ಎರಡೇ ಹೆಜ್ಜೆ. ಬ್ಯಾಗು ನೇತುಹಾಕಲು ನಾನು ಹೊಡೆಸಿದ್ದ ಗೂಟ ಒಳಗಿನ ಕೋಣೆಯಲ್ಲಿತ್ತು, ನನ್ನ ತಲೆಯ ಎತ್ತರಕ್ಕೆ. ಅವನ ಕೈಗೆ ಅದು ಎಟುಕುತ್ತಲೇ ಇರಲಿಲ್ಲ! ಎರಡು ವರ್ಷ ಆ ಹುಡುಗನನ್ನು ಅದಕ್ಕಾಗಿ ಬೈದಿದ್ದೆ. ಮರುದಿನವೇ ಬ್ಯಾಗು ಬೀಳುವ ಜಾಗದ ಗೋಡೆಗೆ, ಅವನ ಎದೆ ಮಟ್ಟಕ್ಕೆ ಒಂದು ಗೂಟ ಹೊಡೆಸಿದೆ. ಕೆಳಗೆ ಒಂದು ಬುಟ್ಟಿ, ಸಾಕ್ಸ್‌ಗೆ. ಎಲ್ಲವೂ ಒಂದೇ ದಿನಕ್ಕೆ ಸರಿಯಾಗಲಿಲ್ಲ. ಆದರೆ ಬ್ಯಾಗಿನ ಜಗಳ ಆ ವಾರವೇ ನಿಂತಿತು.

ನೀವೂ ಒಂದು ಸಂಜೆ ಹೀಗೆ ನೋಡಿ. ಯಾವ ವಸ್ತು ಎಲ್ಲಿ ಬೀಳುತ್ತದೆ? ಅದು ಬೀಳುವ ಕಡೆಗೇ ಅದರ ಜಾಗ ತನ್ನಿ. ಚಾರ್ಜರ್, ಬೀಗದ ಕೈ, ಕನ್ನಡಕ, ಶಾಲೆಯಿಂದ ಬಂದ ಚೀಟಿ, ಇವೆಲ್ಲ ಟೇಬಲ್ ಮೇಲೆ ಅಲೆಯುತ್ತಿದ್ದರೆ ಅವಕ್ಕೆ ಮನೆಯಲ್ಲಿ ಒಂದು ಜಾಗ ಗೊತ್ತಾಗಿಲ್ಲ ಅಂತಲೇ ಅರ್ಥ. ಜಾಗ ಗೊತ್ತಿಲ್ಲದ ವಸ್ತುವನ್ನು ಎಷ್ಟು ಸಲ ಎತ್ತಿದರೂ ಇನ್ನೊಂದು ಕಡೆ ಇಡುತ್ತೇವೆ, ಅಷ್ಟೇ.

ಈ ದಾರಿಯಲ್ಲಿ ಯೋಚಿಸಿದ ಒಬ್ಬ ತಾಯಿ ನೂರು ವರ್ಷದ ಹಿಂದೆಯೇ ಇದ್ದರು. ಲಿಲಿಯನ್ ಗಿಲ್‌ಬ್ರೆತ್, ಅಮೆರಿಕದ ಎಂಜಿನಿಯರ್. ಕಾರ್ಖಾನೆಯ ಕೆಲಸದಲ್ಲಿ ಕೈ ಎಷ್ಟು ಸಲ ಸುಮ್ಮನೆ ಆಡುತ್ತದೆ, ಕಾಲು ಎಷ್ಟು ಹೆಜ್ಜೆ ಸುಮ್ಮನೆ ಇಡುತ್ತದೆ ಎಂದು ಲೆಕ್ಕಹಾಕುವುದು ಅವರ ಮತ್ತು ಅವರ ಗಂಡನ ವೃತ್ತಿ. 1924ರಲ್ಲಿ ಗಂಡ ತೀರಿಕೊಂಡಾಗ ಮನೆಯಲ್ಲಿ ಹನ್ನೊಂದು ಮಕ್ಕಳು. ಆಮೇಲೆ ಅವರು ಅದೇ ಲೆಕ್ಕವನ್ನು ಅಡುಗೆಮನೆಗೆ ತಂದರು. ಬೇಕಾದದ್ದು ಕೈಯಳತೆಯಲ್ಲಿರಬೇಕು, ಅಡುಗೆ ಕಟ್ಟೆ ಅಲ್ಲಿ ನಿಂತು ಕೆಲಸ ಮಾಡುವವರ ಎತ್ತರಕ್ಕೆ ಹೊಂದಬೇಕು ಎಂದರು. ಕಾಲಲ್ಲಿ ಒತ್ತಿದರೆ ಮುಚ್ಚಳ ತೆರೆಯುವ ಕಸದ ಡಬ್ಬಿ, ಫ್ರಿಜ್ ಬಾಗಿಲ ಒಳಗಿನ ಅಡ್ಡಪಟ್ಟಿಗಳು, ಇವಕ್ಕೆ ಅವರ ಹೆಸರನ್ನೇ ಹೇಳುತ್ತಾರೆ. ಹನ್ನೊಂದು ಮಕ್ಕಳ ತಾಯಿ ಇನ್ನಷ್ಟು ಮೈಮುರಿದು ದುಡಿಯಿರಿ ಅನ್ನಲಿಲ್ಲ. ಹೆಜ್ಜೆ ಕಡಿಮೆ ಮಾಡಿ ಅಂದರು. ನನಗೆ ಇದು ತುಂಬಾ ದೊಡ್ಡ ಮಾತು ಅನಿಸುತ್ತದೆ.

ಈಗ ನಿಮ್ಮ ಕುರ್ಚಿ. ಬಟ್ಟೆ ಯಾಕೆ ಅಲ್ಲೇ ನಿಂತುಬಿಡುತ್ತದೆ ಗೊತ್ತಾ? ಒಗೆಯುವುದು, ಹರವುವುದು, ಒಣಗಿದ್ದನ್ನು ತರುವುದು, ಇಷ್ಟು ಹೇಗೋ ಆಗಿಬಿಡುತ್ತದೆ. ಉಳಿಯುವುದು ವಿಂಗಡಿಸಿ, ಮಡಚಿ, ನಾಲ್ಕು ಜನರ ನಾಲ್ಕು ಕಪಾಟಿಗೆ ಸೇರಿಸುವುದು. ಅದರ ಸರದಿ ಬರುವ ಹೊತ್ತಿಗೆ ರಾತ್ರಿ ಹತ್ತೂವರೆ. ಮೈ ಕೇಳುವುದಿಲ್ಲ. ಹಾಗಾಗಿ ಆ ಕೊನೇ ಕೆಲಸವನ್ನೇ ಚಿಕ್ಕದು ಮಾಡಿ. ಕುರ್ಚಿ ತೆಗೆದು ಆ ಜಾಗದಲ್ಲಿ ನಾಲ್ಕು ಬುಟ್ಟಿ ಇಡಿ, ತಲೆಗೊಂದು. ಒಣಗಿದ ಬಟ್ಟೆ ತರುವಾಗಲೇ ಅವರವರ ಬುಟ್ಟಿಗೆ ಹಾಕಿ. ಹೊರಗೆ ಹಾಕಿಕೊಂಡು ಹೋಗುವ ಬಟ್ಟೆ ಮಾತ್ರ ಮಡಚಿದರೆ ಸಾಕು. ಒಳಬಟ್ಟೆ, ಸಾಕ್ಸ್, ಮಕ್ಕಳ ಮನೆಬಟ್ಟೆ ಮಡಚಲೇಬೇಕು ಅಂತ ಏನಿದೆ? ಏಳು ವರ್ಷದವಳು ತನ್ನ ಬುಟ್ಟಿ ತಾನೇ ಖಾಲಿ ಮಾಡಬಲ್ಲಳು. ಅಂಚಿಗೆ ಅಂಚು ಸೇರದಿದ್ದರೂ ಪರವಾಗಿಲ್ಲ, ಅವಳೆದುರು ಬಿಚ್ಚಿ ಮತ್ತೆ ಮಡಚಬೇಡಿ. ಹಾಗೆ ಮಾಡಿದರೆ ಮುಂದಿನ ವಾರ ಅವಳು ಕೈಹಾಕುವುದಿಲ್ಲ.

ಮಗನ ಆಟದ ಸಾಮಾನಿಗೆ ಇನ್ನೂ ಸುಲಭದ ದಾರಿ ಇದೆ. ಅಮೆರಿಕದ ಟೊಲೇಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಒಮ್ಮೆ ನಾಲ್ಕು ಆಟಿಕೆಗಳ ಜೊತೆ, ಇನ್ನೊಮ್ಮೆ ಹದಿನಾರು ಆಟಿಕೆಗಳ ಜೊತೆ ಆಡಲು ಬಿಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಯೂ ಜಾಸ್ತಿ ಹೊತ್ತು, ಬಗೆಬಗೆಯಾಗಿ ಆಡಿದರು. ಈ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅವರೆಲ್ಲ ನಿಮ್ಮ ಮಗನಿಗಿಂತ ಸ್ವಲ್ಪ ಚಿಕ್ಕವರು, ಒಂದೂವರೆಯಿಂದ ಎರಡೂವರೆ ವರ್ಷದವರು. ಆದರೂ ವಿಷಯ ನಿಮಗೆ ಹೊಂದುತ್ತದೆ. ಇರುವ ಸಾಮಾನನ್ನು ಮೂರು ಪಾಲು ಮಾಡಿ. ಒಂದು ಪಾಲು ಹೊರಗೆ, ಎರಡು ಅಟ್ಟದ ಮೇಲೆ. ಎರಡು ವಾರಕ್ಕೊಮ್ಮೆ ಬದಲಿಸಿ. ಅಟ್ಟದಿಂದ ಇಳಿದ ಹಳೇ ಲಾರಿಯನ್ನು ಅವನು ಹೊಸದೇ ಬಂತು ಅನ್ನುವ ಹಾಗೆ ನೋಡುತ್ತಾನೆ.

ಇಷ್ಟೆಲ್ಲ ಸಡಿಲ ಬಿಟ್ಟ ಮೇಲೆ, ಸಡಿಲ ಬಿಡಬಾರದ ಎರಡು ವಿಷಯ ಹೇಳಲೇಬೇಕು. ಮೂರು ವರ್ಷದ ಮಗು ಇದೆ ನಿಮ್ಮ ಮನೆಯಲ್ಲಿ. ರಿಮೋಟ್, ಆಟಿಕೆ, ಪುಟ್ಟ ಗಡಿಯಾರಗಳಲ್ಲಿ ಬರುವ ಗುಂಡಿಯಂಥ ಬ್ಯಾಟರಿ ನೆಲದ ಮೇಲೆ, ಡ್ರಾಯರ್‌ನಲ್ಲಿ ಬಿದ್ದಿರಬಾರದು. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ಮುಗಿದ ಬ್ಯಾಟರಿಯೂ ಅಷ್ಟೇ ಅಪಾಯ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಕಾಯಬೇಡಿ, ಆಸ್ಪತ್ರೆಗೆ ಓಡಿ. ಇನ್ನೊಂದು, ಬೇಗ ಮುಗಿಯಲಿ ಎಂದು ಬ್ಲೀಚ್ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ದ್ರವವನ್ನು ಯಾವತ್ತೂ ಬೆರೆಸಬೇಡಿ. ಅದರಿಂದ ಕ್ಲೋರಿನ್ ಅನಿಲ ಬರುತ್ತದೆ, ಶ್ವಾಸಕೋಶಕ್ಕೆ ವಿಷ. ಈ ಬಾಟಲಿಗಳು ಮಗುವಿಗೆ ಎಟುಕದ ಕಡೆ, ಬೀಗದೊಳಗೆ ಇರಲಿ. ಬಟ್ಟೆ ರಾಶಿಯಿಂದ ಯಾರಿಗೂ ಏನೂ ಆಗುವುದಿಲ್ಲ. ಇರುವ ಶಕ್ತಿಯನ್ನು ಮೊದಲು ಇಲ್ಲಿಗೆ ಇಡಿ.

ಈಗ ಆಗ ಬಿಟ್ಟ ಮಾತಿಗೆ ಬರುತ್ತೇನೆ. "ನಮ್ಮವರು ಒಳ್ಳೆಯವರೇ, ಹೇಳಿದರೆ ಮಾಡುತ್ತಾರೆ" ಎಂದು ಬರೆದಿದ್ದೀರಿ. ಆ "ಹೇಳಿದರೆ" ಎಂಬಲ್ಲಿ ನಾನು ನಿಂತುಬಿಟ್ಟೆ. ಹೇಳಬೇಕಾದರೆ ಮೊದಲು ನೋಡಬೇಕು, ನೆನಪಿಟ್ಟುಕೊಳ್ಳಬೇಕು, ಸಮಯ ನೋಡಿ ಕೇಳಬೇಕು, ಆಯಿತಾ ಅಂತ ಮತ್ತೆ ನೋಡಬೇಕು. ಇದೂ ಕೆಲಸವೇ. ಅದು ಪೂರ್ತಿ ನಿಮ್ಮ ತಲೆಯ ಮೇಲಿದೆ. ಇದು ನಿಮ್ಮೊಬ್ಬರ ಮನೆ ಕಥೆಯೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಕೊಟ್ಟ ವರದಿಯ ಪ್ರಕಾರ, ಜಗತ್ತಿನಲ್ಲಿ ಸಂಬಳವಿಲ್ಲದೆ ನಡೆಯುವ ಮನೆ ಮತ್ತು ಆರೈಕೆಯ ಕೆಲಸದ ಒಟ್ಟು ಗಂಟೆಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಜಾಸ್ತಿ ಹೆಂಗಸರದ್ದು.

ಅದಕ್ಕೇ ಹೇಳುತ್ತೇನೆ, ನಿಮ್ಮ ಗಂಡನಿಗೆ ಬಿಡಿಬಿಡಿ ಕೆಲಸ ಹೇಳಬೇಡಿ. ಒಂದು ಕೆಲಸವನ್ನು ಬುಡದಿಂದ ತುದಿಯವರೆಗೂ ಒಪ್ಪಿಸಿ. ಬಟ್ಟೆ ಅಂದರೆ ಬಟ್ಟೆ ಪೂರ್ತಿ. ಸೋಪಿನ ಪುಡಿ ಮುಗಿಯಿತು ಎಂದು ಗಮನಿಸುವುದರಿಂದ ಹಿಡಿದು ಬುಟ್ಟಿಗೆ ಬೀಳುವ ತನಕ ಅವರದ್ದೇ. ಅವರು ಹರವುವ ರೀತಿ ನಿಮಗೆ ಹಿಡಿಸದೇ ಹೋಗಬಹುದು. ಒಂದು ದಿನ ಮಗಳ ಶಾಲೆ ಬಟ್ಟೆ ಒದ್ದೆಯಾಗಿಯೇ ಉಳಿಯಬಹುದು. ಆಗ ನೀವು ಓಡಿಹೋಗಿ ಸರಿಮಾಡಬೇಡಿ. ಇದು ಕಷ್ಟ, ನನಗೆ ಗೊತ್ತು. ಆದರೆ ನೀವು ಸರಿಮಾಡಿದ ಆ ಗಳಿಗೆಗೆ ಕೆಲಸ ಮತ್ತೆ ನಿಮ್ಮದಾಗುತ್ತದೆ. ಈ ಮಾತನ್ನು ರಾಶಿ ಎದುರು ನಿಂತು ಸಿಟ್ಟಿನಲ್ಲಿ ಆಡಬೇಡಿ. ಮಕ್ಕಳು ಮಲಗಿದ ಮೇಲೆ, ಇಬ್ಬರೂ ಕೂತು, ಈ ಪತ್ರವನ್ನೇ ಅವರ ಕೈಗೆ ಕೊಟ್ಟು ಶುರುಮಾಡಿ.

ರಾತ್ರಿ ಮಲಗುವ ಮುಂಚೆ ನಾಲ್ಕೂ ಜನ ಹತ್ತು ಹದಿನೈದು ನಿಮಿಷ ಕೈಹಾಕುವ ಅಭ್ಯಾಸ ಇಟ್ಟುಕೊಳ್ಳಿ. ಮೂರು ವರ್ಷದವನಿಗೆ "ಕೋಣೆ ಸರಿಮಾಡು" ಎಂದರೆ ಏನೂ ತಿಳಿಯುವುದಿಲ್ಲ. "ಲಾರಿಗಳೆಲ್ಲ ಈ ಡಬ್ಬಿಗೆ" ಎಂದರೆ ಖುಷಿಯಿಂದ ಹಾಕುತ್ತಾನೆ. ಎರಡು ದಿನ ಮಾಡಿ ಮೂರನೇ ದಿನ ಬಿಟ್ಟುಹೋದರೆ ಕೈಚೆಲ್ಲಬೇಡಿ. ಲಂಡನ್ನಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ ಹೊಸ ರೂಢಿ ಮೈಗೆ ಹತ್ತಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನ ಹಿಡಿಯಬಹುದು ಎಂದು ಲೆಕ್ಕ ಸಿಕ್ಕಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಜ್ವರ, ಪರೀಕ್ಷೆ, ಆಫೀಸಿನ ಒತ್ತಡದ ವಾರದಲ್ಲಿ ಮನೆ ಕೆಡುತ್ತದೆ, ಅಲ್ವಾ? ಕೆಡಲಿ. ವಸ್ತುಗಳಿಗೆ ಜಾಗ ಗೊತ್ತಿದ್ದರೆ ಅದು ಒಂದೇ ಸಂಜೆಯಲ್ಲಿ ಮತ್ತೆ ದಾರಿಗೆ ಬರುತ್ತದೆ. ಭಾನುವಾರ ನಿಮ್ಮದಾಗಿ ಉಳಿಯುತ್ತದೆ.

ಕಡೆಗೆ, ಮಗಳ ಪ್ರಶ್ನೆ. ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅದೇ. ಮನೆ ಪೂರ್ತಿ ಸರಿಹೋಗಲಿ, ಆಮೇಲೆ ಕರೆಯೋಣ ಎಂದರೆ ಅವಳಿಗೆ ಹದಿನೈದು ವರ್ಷವಾಗಿರುತ್ತದೆ. ಈ ಶನಿವಾರವೇ ಅವಳ ಒಬ್ಬ ಗೆಳತಿಯನ್ನು ಕರೆಯಿರಿ. ಒಬ್ಬಳೇ ಸಾಕು. ನಾಲ್ಕು ಗಂಟೆಗೆ ಬರಲು ಹೇಳಿದರೆ, ಮೂರೂವರೆಗೆ ನೀವು ನಾಲ್ಕೂ ಜನ ಸೇರಿ ಹಾಲ್‌ನ ನೆಲವನ್ನಷ್ಟೇ ಖಾಲಿ ಮಾಡಿ. ಬಚ್ಚಲುಮನೆ ಒಮ್ಮೆ ತೊಳೆಯಿರಿ. ಮಲಗುವ ಕೋಣೆಯ ಬಾಗಿಲು ಮುಚ್ಚಿ, ಕುರ್ಚಿ ಅಲ್ಲೇ ಇರಲಿ. ಆ ಮಕ್ಕಳಿಗೆ ಬೇಕಾಗಿರುವುದು ಕಾಲು ಚಾಚಿ ಕೂರಲು ಒಂದಿಷ್ಟು ನೆಲ. ಐದು ನಿಮಿಷದೊಳಗೆ ಅದರ ತುಂಬ ಬಣ್ಣದ ಪೆನ್ಸಿಲ್ಲು, ಕಾಗದದ ಚೂರು ಹರಡಿಕೊಂಡಿರುತ್ತವೆ.

ಅವತ್ತು ರಾತ್ರಿ ಮಗಳು ಏನಂದಳು ಅಂತ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕಿ