ಪ್ರತಿಕ್ರಿಯೆ: ಅಮ್ಮನ ನೆನಪಿನ ಹಣ ರೋಗಿಗಳಿಗೇ ಹೋಗುತ್ತದಾ?

ನಮಸ್ಕಾರ. ಅಮ್ಮನ ಹೆಸರಲ್ಲಿ ಆಸ್ಪತ್ರೆಯ ನೆರವು ನಿಧಿಗೆ ಕೊಡುವ ಹಣ ರೋಗಿಗಳಿಗೇ ಹೋಗುತ್ತದಾ, ನರ್ಸುಗಳ ತರಬೇತಿಗೆ, ಸಂಶೋಧನೆಗೆ ಅಂತ ಖರ್ಚು ಮಾಡುತ್ತಾರಾ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಮೂರಕ್ಕೂ ಹೋಗುತ್ತದೆ. ಅದು ತಪ್ಪಲ್ಲ.

ರೋಗಿಗಳ ಕಷ್ಟ ನಿಮಗೆ ಗೊತ್ತೇ ಇದೆ. ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ ನಿಜ. ಆದರೆ ಬದಿಯಡ್ಕದಿಂದ ಮಂಗಳೂರಿಗೆ ಕೀಮೋಗೆ ಹೋಗುವವರ ಬಸ್ಸು, ಜೊತೆಗೆ ನಿಲ್ಲುವವರ ಊಟ, ತಪ್ಪಿಹೋದ ಕೂಲಿ? ಅಲ್ಲಿ ಈ ನಿಧಿಯೇ ಆಸರೆ.

ನರ್ಸಿಗೆ ತರಬೇತಿ ಸಿಕ್ಕಿದರೆ ಲಾಭ ರೋಗಿಗೇ. ಹಾಸಿಗೆ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವ ಕೈ ಪಳಗಿದೆಯೋ ಇಲ್ಲವೋ, ನೋವು ತಿನ್ನುವವರಿಗೆ ತಕ್ಷಣ ಗೊತ್ತಾಗುತ್ತದೆ.

ಸಂಶೋಧನೆ ಯಾಕೆ ಅಂತ ನಮ್ಮ ಕಾಸರಗೋಡು ಜಿಲ್ಲೆಯವರಿಗೆ ಹೇಳಬೇಕಾ? ಎಣ್ಮಕಜೆಯ ಪಡ್ರೆಯಲ್ಲಿ ಕಾಯಿಲೆಗಳು ಜಾಸ್ತಿ ಆದದ್ದನ್ನು ಮೊದಲು ಗಮನಿಸಿದ್ದು ಊರಿನ ಡಾಕ್ಟರೇ. ಆದರೆ 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು, ಮಕ್ಕಳ ರಕ್ತ ಪರೀಕ್ಷಿಸಿ, ಬೇರೆ ಊರಿನ ಮಕ್ಕಳೊಂದಿಗೆ ಹೋಲಿಸಿದ ಮೇಲೆ ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕವೇ ಕಾರಣ ಎಂಬ ಮಾತಿಗೆ ತೂಕ ಬಂತು. ಇಂಥ ಕೆಲಸಕ್ಕೆ ದುಡ್ಡು ಕೊಡುವವರು ಕಡಿಮೆ.

ಆದರೂ ರೋಗಿಗಳಿಗೇ ಸಿಗಲಿ ಅಂತಿದ್ದರೆ, ಕೊಡುವ ಮೊದಲೇ ಪತ್ರದಲ್ಲಿ ಉದ್ದೇಶ ಬರೆದು ಕೊಡಿ. ರಸೀದಿಯಲ್ಲೂ ಅದನ್ನೇ ಬರೆಸಿಕೊಳ್ಳಿ. ಕಳೆದ ವರ್ಷದ ಲೆಕ್ಕ ಕೇಳಿ, ಸಂಕೋಚ ಬೇಡ. ತೆರಿಗೆ ರಿಯಾಯಿತಿ ಬೇಕಿದ್ದರೆ 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಡಬೇಡಿ, ಚೆಕ್ ಇಲ್ಲವೇ ಬ್ಯಾಂಕ್ ಮೂಲಕವೇ ಕೊಡಿ.