ಒಂದು ವರ್ಷ ಸೇರಿಸಿದರೆ ಕಾರವಾರದ 100 ವರ್ಷದ ಮಳೆ ಅಂದಾಜು ಜಿಗಿಯುವುದೇಕೆ?

ಕಾರವಾರದ 30 ವರ್ಷದ ದಿನದ ಮಳೆಯಿಂದ ವರ್ಷದ ಗರಿಷ್ಠಗಳನ್ನು ತೆಗೆದು ಜಿಇವಿ (ಗರಿಷ್ಠ ಅಂಕಿಗಳಿಗೆ ಬಳಸುವ ಸಂಭವನೀಯತೆಯ ಸೂತ್ರ) ಹೊಂದಿಸಿದಾಗ, 2009 ಸೇರಿದರೆ 100 ವರ್ಷದ ಅಂದಾಜು (ಯಾವುದೇ ವರ್ಷದಲ್ಲಿ ಮೀರುವ ಸಾಧ್ಯತೆ 1% ಇರುವ ಒಂದು ದಿನದ ಮಳೆ) ಒಮ್ಮೆಲೇ ಏರುತ್ತದೆ ಅಂದಿದ್ದೀರಿ. ತಪ್ಪು ಬಹುಶಃ ಕೋಡ್‌ನಲ್ಲಿಲ್ಲ. ವರ್ಷಕ್ಕೊಂದು ಗರಿಷ್ಠ ಮಳೆ ಅಂದರೆ ಬರೀ 30 ಅಂಕಿ. ಅಷ್ಟರಲ್ಲಿ ಶೇಪ್ ಪ್ಯಾರಾಮೀಟರ್ (ಅತಿ ದೊಡ್ಡ ಮಳೆಗಳ ಸಾಧ್ಯತೆ ಎಷ್ಟು ಬೇಗ ಇಳಿಯುತ್ತದೆ ಎಂದು ಹೇಳುವ ಅಂಕಿ) ಗಟ್ಟಿಯಾಗಿ ನಿಲ್ಲುವುದಿಲ್ಲ, ಒಂದು ದೊಡ್ಡ ಅಂಕಿಯೇ ಅದನ್ನು ಎಳೆದುಬಿಡುತ್ತದೆ. ಡೇಟಾ ನೋಡದೆ ಪೂರ್ತಿ ಖಚಿತವಾಗಿ ಹೇಳಲಾರೆ.

ಮೊದಲು ಆ ಅಂಕಿ ನಿಜವೇ ನೋಡಿ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಬೇರೆ ಮೂಲದ ಜೊತೆ ಹೋಲಿಸುವಾಗ ತಾರೀಕು ಒಂದು ದಿನ ಆಚೀಚೆ ಆಗಬಹುದು. ಎರಡು ದಿನದ ಮಳೆ ಒಟ್ಟಿಗೆ ಬರೆದಿರಲೂಬಹುದು. ಅಂಕಿ ಸರಿಯಿದ್ದರೆ ದಯವಿಟ್ಟು ತೆಗೆಯಬೇಡಿ. 2009ರ ಅಕ್ಟೋಬರ್‌ ಮಳೆಗೆ ಕಡವಾಡದಲ್ಲಿ ಗುಡ್ಡ ಕುಸಿದು ಜನ ಸತ್ತರು. ನಮ್ಮ ಲೆಕ್ಕ ಇರುವುದೇ ಅಂಥ ಮಳೆಗಾಗಿ ಅಲ್ವಾ.

ಆಮೇಲೆ ವರ್ಷದ ಗರಿಷ್ಠ ಬಿಟ್ಟು, ಒಂದು ಮಿತಿ ದಾಟಿದ ಎಲ್ಲ ದಿನಗಳಿಗೆ ಜಿಪಿಡಿ (ಮಿತಿ ಮೀರಿದ ಅಂಕಿಗಳಿಗೆ ಬಳಸುವ ಅಂಥದ್ದೇ ಸೂತ್ರ) ಹೊಂದಿಸಿ. ಅಂಕಿಗಳು ಜಾಸ್ತಿ ಸಿಗುತ್ತವೆ. ಆದರೆ ಜುಲೈನಲ್ಲಿ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಅಂಥ ಒಂದು ಸರಣಿಯಿಂದ ಅತಿ ದೊಡ್ಡ ದಿನ ಮಾತ್ರ ಇಟ್ಟುಕೊಳ್ಳಿ. ಮಿತಿಯನ್ನು 100, 120, 150 ಮಿ.ಮೀ. ಎಂದು ಬದಲಿಸಿ, ಶೇಪ್ ಹೆಚ್ಚುಕಡಿಮೆ ಸ್ಥಿರವಾಗುವ ಕಡೆ ನಿಲ್ಲಿ.

ಆಗಲೂ ಅಲುಗಾಡಿದರೆ ಅಂಕೋಲಾ, ಕುಮಟಾ, ಹೊನ್ನಾವರದ ಡೇಟಾ ಸೇರಿಸಿ. ಪ್ರತಿ ಊರಿನ ವಾರ್ಷಿಕ ಗರಿಷ್ಠಗಳನ್ನು ಅದೇ ಊರಿನ ಸರಾಸರಿಯಿಂದ ಭಾಗಿಸಿ, ಎಲ್-ಮೊಮೆಂಟ್ಸ್‌ನಿಂದ (ಒಂದೆರಡು ದೊಡ್ಡ ಅಂಕಿಗಳಿಗೆ ಅಷ್ಟಾಗಿ ಅಲುಗಾಡದ ಲೆಕ್ಕದ ವಿಧಾನ) ಎಲ್ಲ ಊರಿಗೂ ಒಂದೇ ಶೇಪ್ ತೆಗೆಯಿರಿ. ಶಿರಸಿ ಬೇಡ, ಘಟ್ಟದ ಮೇಲಿನ ಮಳೆಯ ರೀತಿಯೇ ಬೇರೆ.

ವರದಿಯಲ್ಲಿ ಒಂದೇ ಅಂಕಿ ಕೊಡಬೇಡಿ. ಪ್ರೊಫೈಲ್ ಲೈಕ್ಲಿಹುಡ್‌ನ (ಡೇಟಾಗೆ ಯಾವ ಯಾವ ಅಂದಾಜು ಒಪ್ಪುತ್ತದೆ ಎಂದು ನೋಡುವ ವಿಧಾನ) 95% ವ್ಯಾಪ್ತಿಯನ್ನೂ ಬರೆಯಿರಿ, ಅದು ಎಷ್ಟೇ ಅಗಲವಾಗಿದ್ದರೂ.